ತಾಯಿಯ ಪ್ರಯತ್ನ ಸಾಲದಾಯಿತು

ಹೊಗಳಿಕೆ ಎಂದರೆ ನನಗೆ ಮೊದಲಿಂದಲೂ ಪ್ರಾಣ. ಸುಳ್ಳು ಯಾಕೆ ಹೇಳಲಿ? ಆದರೆ ಆ ಬುಧವಾರ ನನ್ನ ತಂಗಿ ತನ್ನ ಮಗನನ್ನು ಸೊಂಟದ ಮೇಲೆ ಹೊತ್ತು ಮೂರು ಮಹಡಿ ಹತ್ತಿ ಬಂದಳು. ಅವನನ್ನು ನನ್ನ ಮಂಚದ ಮೇಲೆ ಮಲಗಿಸಿ, ಏದುಸಿರು ಬಿಡುತ್ತಲೇ ನನ್ನ ಎರಡೂ ಕೈ ಹಿಡಿದುಕೊಂಡು ಹೊಗಳಿದಳು. ಬಿಸಿತುಪ್ಪ ಗಂಟಲಿಗೆ ಸಿಕ್ಕಿಕೊಂಡ ಹಾಗಾಯಿತು ನನಗೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸುದ್ದಿ ಇಷ್ಟು. ನಾಲ್ಕು ವರ್ಷದ ಹಿಂದೆ ಅವಳ ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯಿಂದ ತೆಗೆದ ರಕ್ತವನ್ನು ಒಂದು ಬ್ಯಾಂಕಿನಲ್ಲಿ ಹಿಮಗಟ್ಟಿಸಿ ಇಟ್ಟಿದ್ದೆವು. ಅದರ ಪರೀಕ್ಷೆ ಮುಗಿದಿತ್ತು. ಅದರೊಳಗಿನ ಸ್ಟೆಮ್ ಸೆಲ್‌ಗಳು, ಅಂದರೆ ಹೊಸ ಕೋಶ ಹುಟ್ಟಿಸುವ ಮೂಲಕೋಶಗಳು, ಜೀವಂತವಾಗಿವೆ, ಎಣಿಕೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ ಎಂದು ಬರೆದು ಕಳಿಸಿದ್ದರು. ಹುಟ್ಟುವಾಗ ಮೆದುಳಿಗೆ ಪೆಟ್ಟಾದ ಮಕ್ಕಳಿಗೆ ಅವರದೇ ಬಳ್ಳಿರಕ್ತವನ್ನು ವಾಪಸ್ ಕೊಟ್ಟು ನೋಡುವ ಪ್ರಯೋಗವೊಂದು ಊರಿನ ಆಚೆ ತುದಿಯ ದೊಡ್ಡ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ನಮ್ಮ ಹುಡುಗನನ್ನು ಅದಕ್ಕೆ ಸೇರಿಸಿಕೊಳ್ಳುವ ಮಾತಾಗಿತ್ತು.

“ಅಕ್ಕ, ಆವತ್ತು ನೀನು ಹಟ ಹಿಡಿದು ಆ ರಕ್ತ ತೆಗೆದಿಡದೇ ಹೋಗಿದ್ರೆ, ಇವತ್ತು ನನ್ನ ಹತ್ರ ಏನಿರ್ತಿತ್ತು ಹೇಳು?” ಎಂದಳು ತಂಗಿ.

ನಾನು ಕಾಫಿಗೆ ಹಾಲು ಇಡುವ ನೆಪ ಮಾಡಿ ಒಳಗೆ ಹೋದೆ.

ಹುಡುಗನ ವಿಷಯ ಹೇಳಿಬಿಡುತ್ತೇನೆ. ನಾಲ್ಕು ತುಂಬಿದೆ. ಒರಗಿಸಿದರೆ ಕೂರುತ್ತಾನೆ, ಬಿಟ್ಟರೆ ವಾಲುತ್ತಾನೆ. ಎಡಗೈ ಸದಾ ಮುಷ್ಟಿ. ಮಾತಿಲ್ಲ, ಆದರೆ ನಗು ಇದೆ. ಯಾರಾದರೂ ಎಡವಿದರೆ ಬಿದ್ದು ಬಿದ್ದು ನಗುತ್ತಾನೆ, ಪೋಲಿ. ಅವನಿಗೆ ಸಾಹೇಬ ಎಂದು ಹೆಸರಿಟ್ಟವಳು ನಾನೇ. ಕೂತಲ್ಲಿಗೆ ಊಟ, ಹೊರಟರೆ ಸವಾರಿ, ಸ್ನಾನಕ್ಕೆ ಇಬ್ಬರು ಆಳು, ಇದಕ್ಕಿಂತ ದೊಡ್ಡ ಸಾಹೇಬಿಕೆ ಬೇಕೇ ಎಂದು ತಮಾಷೆ ಮಾಡುತ್ತಿದ್ದೆ. ತಂಗಿ ನಗುತ್ತಿದ್ದಳು. ಅವಳು ನಗುವವರೆಗೂ ನನಗೆ ಉಸಿರಾಡಲು ಆಗುತ್ತಿತ್ತು.

ನಾನು ಹೆರಿಗೆ ವಾರ್ಡಿನ ನರ್ಸು. ಇಪ್ಪತ್ತೆರಡು ವರ್ಷದ ಸರ್ವೀಸು. ಎಷ್ಟು ಮಕ್ಕಳನ್ನು ಹಿಡಿದಿದ್ದೇನೆ ಎಂದು ಕೇಳಬೇಡಿ, ಲೆಕ್ಕ ಇಟ್ಟವಳಲ್ಲ. ಬಳ್ಳಿರಕ್ತದ ಬ್ಯಾಂಕಿನವರು ನಮ್ಮ ವಾರ್ಡಿಗೆ ಬಂದು ತರಬೇತಿ ಕೊಟ್ಟಾಗ ಎಲ್ಲರಿಗಿಂತ ಮೊದಲು ಕಲಿತವಳು ನಾನು. ಕೆಲಸ ನೋಡಲು ಸುಲಭ. ಮಗು ಹೊರಗೆ ಬಂದ ಮೇಲೆ ಬಳ್ಳಿಗೆ ಕ್ಲಿಪ್ ಹಾಕಿ ಕತ್ತರಿಸಬೇಕು. ಮಾಸು ಇನ್ನೂ ಒಳಗಿರುವಾಗಲೇ, ತಾಯಿಯ ಕಡೆ ಉಳಿದ ಬಳ್ಳಿಯ ದೊಡ್ಡ ರಕ್ತನಾಳಕ್ಕೆ ಸೂಜಿ ಚುಚ್ಚಿ, ಚೀಲವನ್ನು ಮಂಚಕ್ಕಿಂತ ಕೆಳಗೆ ಹಿಡಿಯಬೇಕು. ರಕ್ತ ತಾನಾಗಿ ಇಳಿಯುತ್ತದೆ. ಹೆಪ್ಪುಗಟ್ಟದ ಹಾಗೆ ಚೀಲವನ್ನು ಮೆಲ್ಲಗೆ ತೂಗುತ್ತಿರಬೇಕು. ಕೊನೆಗೆ ಬಳ್ಳಿ ಬೆಳ್ಳಗಾಗಿ ಜೋಲುತ್ತದೆ. ಕೆಲವೇ ನಿಮಿಷದ ಆಟ. ತಡವಾದರೆ ರಕ್ತ ಬಳ್ಳಿಯಲ್ಲೇ ಗಟ್ಟಿಯಾಗುತ್ತದೆ. ಚೀಲ ಅರ್ಧಂಬರ್ಧ ತುಂಬಿದರೆ ಬ್ಯಾಂಕಿನವರು ಎಸೆಯುತ್ತಾರೆ.

ನನ್ನ ಚೀಲಗಳನ್ನು ಯಾರೂ ಎಸೆಯಲಿಲ್ಲ. ವಾರ್ಡಿನ ಗೋಡೆಯ ಮೇಲೆ ಪ್ರತಿ ತಿಂಗಳ ತುಂಬಿದ ಚೀಲಗಳ ಪಟ್ಟಿ ಅಂಟಿಸುತ್ತಿದ್ದರು, ಮೇಲಿನ ಸಾಲು ಯಾವಾಗಲೂ ನನ್ನದೇ. “ಇವರ ಕೈಗೆ ಬಂದ್ರೆ ಒಣಗಿದ ಬಳ್ಳೀನೂ ಹಾಲು ಕೊಡತ್ತೆ” ಎಂದು ದೊಡ್ಡ ಡಾಕ್ಟರು ಒಮ್ಮೆ ಎಲ್ಲರ ಎದುರು ಅಂದಿದ್ದರು. ಅದನ್ನು ನಾನು ಎಷ್ಟು ದಿನ ಮೆಲುಕು ಹಾಕಿದೆ ಎಂದರೆ ಈಗ ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ. ಕಲಿಯಲು ಬಂದ ಹುಡುಗಿಯರಿಗೆ ನಾನೇ ಪಾಠ ಹೇಳುತ್ತಿದ್ದೆ. ಮೊದಲನೇ ಪಾಠ, ಮಗು ಅತ್ತ ಮೇಲೆ ಸೂಜಿ. ಅಳದಿದ್ದರೆ ಚೀಲ ಮೂಲೆಗೆ ಬಿಸಾಕಿ, ಮೊದಲು ಮಗು ನೋಡಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಸುಮ್ಮನೆ ಗಾದೆ ಮಾಡಿಲ್ಲ ಹಿರಿಯರು.

ತಂಗಿಯ ಹೆರಿಗೆ ನನ್ನ ಕೈಯಲ್ಲೇ ಆಗಬೇಕೆಂದು ನಾನೇ ಅವಳನ್ನು ನಮ್ಮ ಆಸ್ಪತ್ರೆಗೆ ಕರೆಸಿದೆ. ಬಳ್ಳಿರಕ್ತ ತೆಗೆದಿಡೋಣ ಎಂದು ಅವಳ ಗಂಡನನ್ನು ಒಪ್ಪಿಸಿದವಳೂ ನಾನೇ. ನಮ್ಮ ಮನೆಯ ಮಗುವಿನ ಚೀಲ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರಬೇಕು ಎಂದು ನನ್ನ ಆಸೆ. ನೋಡಿ, ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಹೆರಿಗೆ ಸ್ವಲ್ಪ ತಡವಾಯಿತು, ಆದರೆ ತೀರಾ ತಡವೇನಲ್ಲ. ಮಗುವಿನ ಎದೆಬಡಿತ ಕೊನೆಯವರೆಗೂ ಚೆನ್ನಾಗಿತ್ತು. ತಂಗಿ ಹಲ್ಲು ಕಚ್ಚಿ, ಮಂಚದ ಕಂಬಿ ಹಿಡಿದು, ನಾನು ಹೇಳಿದಾಗೆಲ್ಲ ಬಲ ಹಾಕಿ ಮುಕ್ಕಿದಳು. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಮಗು ಬಂತು. ಡಾಕ್ಟರು ಪಕ್ಕದ ಕೋಣೆಯ ಆಪರೇಷನ್ನಿನಲ್ಲಿದ್ದರು, ಇನ್ನೊಬ್ಬಳು ನರ್ಸು ಅವರ ಜೊತೆಗಿದ್ದಳು. ನನ್ನ ಬಳಿ ಇದ್ದದ್ದು ಒಬ್ಬ ವಯಸ್ಸಾದ ಆಯಾ ಮಾತ್ರ. ಮಗು ಸಪ್ಪಗಿತ್ತು. ಅಂಥ ಮಕ್ಕಳನ್ನು ನಾನು ವಾರಕ್ಕೆ ನಾಲ್ಕು ನೋಡುತ್ತೇನೆ, ಬೆನ್ನು ಉಜ್ಜಿದರೆ ಅಳುತ್ತವೆ. ಬಳ್ಳಿ ಕತ್ತರಿಸಿ, ಮಗುವನ್ನು ಆಯಾಳ ಕೈಗೆ ಕೊಟ್ಟು, ಚೆನ್ನಾಗಿ ಉಜ್ಜು ಎಂದು ಹೇಳಿ ನಾನು ಸೂಜಿ ತೆಗೆದುಕೊಂಡೆ. ಬಳ್ಳಿ ದಪ್ಪಗಿತ್ತು, ತುಂಬಿಕೊಂಡಿತ್ತು. ಅಷ್ಟು ಒಳ್ಳೆಯ ಬಳ್ಳಿ ಅಪರೂಪ.

“ಸಿಸ್ಟರ್, ಮಗು ಅಳ್ತಿಲ್ಲ” ಎಂದಳು ಆಯಾ. ಉಜ್ಜು, ಅಳತ್ತೆ ಎಂದೆ. ಚೀಲ ಅರ್ಧ ದಾಟಿತ್ತು. ಸ್ವಲ್ಪ ಹೊತ್ತಿಗೆ, ಬಣ್ಣ ಸರಿಯಿಲ್ಲ ಸಿಸ್ಟರ್ ಎಂದಳು. ನಾನು ತಲೆ ಎತ್ತಲಿಲ್ಲ.

“ಒಂದ್ನಿಮಿಷ” ಎಂದೆ.

ಆ ಒಂದು ನಿಮಿಷಕ್ಕೆ ಮೂರು ನಿಮಿಷ ಹಿಡಿಯಿತು. ಚೀಲ ಮುಚ್ಚಿ, ಲೇಬಲ್ಲಿನ ಮೇಲೆ ಸಮಯ ಬರೆದು ತಿರುಗಿದರೆ ಮಗು ನೀಲಿ ತಿರುಗಿತ್ತು. ಆಮೇಲೆ ಏನು ಮಾಡಬೇಕೋ ಎಲ್ಲ ಮಾಡಿದೆ. ಗಂಟಲು ಶುದ್ಧ ಮಾಡಿದೆ, ಮುಖವಾಡ ಹಿಡಿದು ಉಸಿರು ಒತ್ತಿದೆ, ಕೂಗಿ ಮಕ್ಕಳ ಡಾಕ್ಟರನ್ನು ಕರೆಸಿದೆ. ಮಗು ಅಳುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ಅದೂ ಬೆಕ್ಕಿನ ಮರಿ ಕೂಗಿದ ಹಾಗೆ.

ತಪ್ಪು ಅಲ್ಲಿಗೇ ನಿಂತಿದ್ದರೆ ಎಷ್ಟೋ ವಾಸಿ. ಮಧ್ಯಾಹ್ನ ಹೆರಿಗೆ ವಿವರ ಬರೆಯಲು ಕೂತೆ. ಪೆನ್ನು ಹಿಡಿದ ಕೈ ನನ್ನದೇ, ಯಾರೂ ಹಿಡಿದು ಬರೆಸಲಿಲ್ಲ. ‘ಹೆರಿಗೆ ನಿಧಾನವಾಯಿತು. ತಾಯಿಯ ಪ್ರಯತ್ನ ಸಾಲದಾಯಿತು. ಮಗು ಹುಟ್ಟಿದ ತಕ್ಷಣ ಉಸಿರಾಟದ ನೆರವು ಕೊಡಲಾಯಿತು.’ ಓದಿದ ಡಾಕ್ಟರು ತಲೆಯಾಡಿಸಿ ಸಹಿ ಹಾಕಿದರು. ಆಯಾ ಏನೂ ಹೇಳಲಿಲ್ಲ. ಮಾರನೇ ವರ್ಷ ನಿವೃತ್ತಿಯಾಗಿ ಹೋದಳು. ಹೋಗುವ ದಿನ ಎಲ್ಲರ ಕೈ ಹಿಡಿದು ಮಾತಾಡಿಸಿದವಳು ನನ್ನನ್ನು ಮಾತ್ರ ಮಾತಾಡಿಸಲಿಲ್ಲ.

ಮಗು ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಹೋಯಿತು. ಜೊತೆಗೆ ನನ್ನ ಆ ಮೂರು ಸಾಲಿನ ಪ್ರತಿಯೂ ಹೋಯಿತು. ತಂಗಿಯ ಅತ್ತೆ ಕನ್ನಡಕ ಹಾಕಿಕೊಂಡು ಅಕ್ಷರ ಬಿಡದೆ ಓದಿದರು. ತಾನು ಐದು ಹೆತ್ತಿದ್ದೇನೆ, ಒಂದಕ್ಕೂ ಯಾರೂ ಸಾಲದು ಅನ್ನಲಿಲ್ಲ ಎಂದರಂತೆ. ಅವರು ಅದನ್ನು ಒಂದೇ ಸಲ ಅಂದದ್ದು. ಸಾವಿರ ಸಲ ಅಂದುಕೊಂಡವಳು ನನ್ನ ತಂಗಿ. ಮಗುವಿಗೆ ವ್ಯಾಯಾಮ ಮಾಡಿಸುವವರ ಹತ್ತಿರ, ಅಂಗನವಾಡಿಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರ, ಕೇಳಲಿ ಬಿಡಲಿ, “ನನ್ನಿಂದಾನೇ ಹೀಗಾಯ್ತು, ನಂಗೆ ಮುಕ್ಕೋಕಾಗ್ಲಿಲ್ಲ” ಎಂದು ಹೇಳಿಕೊಳ್ಳುತ್ತಿದ್ದಳು. ಗಾಲಿಕುರ್ಚಿ ತರುತ್ತೇನೆ ಎಂದರೆ ಬೇಡ ಎನ್ನುತ್ತಿದ್ದಳು. ಹೊತ್ತೇ ತಿರುಗಬೇಕು, ಅದು ಅವಳಿಗೆ ಅವಳೇ ಕೊಟ್ಟುಕೊಂಡ ಶಿಕ್ಷೆ. ಮೂವತ್ತೊಂದು ವರ್ಷಕ್ಕೆ ಬೆನ್ನು ಹಿಡಿದುಹೋಗಿತ್ತು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯಲು ಕೂತರೆ ಏಳಲು ಗೋಡೆ ಹಿಡಿಯಬೇಕು.

ನಾನು? ನಾನು ಒಳ್ಳೆಯ ಅಕ್ಕ. ರಜೆಯ ದಿನವೆಲ್ಲ ಅವರ ಮನೆ. ಹುಡುಗನಿಗೆ ಎಣ್ಣೆ ಹಚ್ಚುವುದು, ಕೈಕಾಲು ಚಾಚಿಸುವುದು, ಸೂಜಿ ಚುಚ್ಚಿಸುವಾಗ ತೋಳು ಹಿಡಿಯುವುದು. ಇಂಥ ಅಕ್ಕ ಇರಬೇಕಾದರೆ ಪುಣ್ಯ ಮಾಡಿರಬೇಕು ಎಂದು ಓಣಿಯವರು ಅನ್ನುತ್ತಿದ್ದರು. ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ತೆರೆದ ಬಾಯಿಂದ ಯಾವುದೋ ತಮಾಷೆ ಬರುತ್ತಿತ್ತು.

ದೊಡ್ಡ ಆಸ್ಪತ್ರೆಗೆ ನಾವು ಮೂವರೇ ಹೋದೆವು. ತಂಗಿಯ ಗಂಡ ಬಸ್ ಓಡಿಸುವವನು, ಆ ದಿನ ರಜೆ ಸಿಕ್ಕಿರಲಿಲ್ಲ. ಪ್ರಯೋಗ ನಡೆಸುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ನೇರ. ಇದರಿಂದ ಹುಡುಗ ಎದ್ದು ಓಡುತ್ತಾನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ ಎಂದರು. ಕತ್ತು ಸ್ವಲ್ಪ ಗಟ್ಟಿಯಾಗಬಹುದು, ಮುಷ್ಟಿ ಸ್ವಲ್ಪ ಬಿಚ್ಚಬಹುದು, ಏನೂ ಆಗದೆಯೂ ಇರಬಹುದು. ಅದನ್ನು ತಿಳಿಯಲೆಂದೇ ಈ ಪ್ರಯೋಗ. ತಂಗಿ ಎಲ್ಲದಕ್ಕೂ ಹೂಂ ಎಂದಳು. ಸ್ವಲ್ಪ ಎಂಬ ಮಾತೇ ಅವಳಿಗೆ ಸಾಕಾಗಿತ್ತು.

ಆಮೇಲೆ ಡಾಕ್ಟರಮ್ಮ ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡರು. ಒಂದು ಹೆರಿಗೆ ವಿವರ, ಇನ್ನೊಂದು ಚೀಲದ ಲೇಬಲ್ಲಿನ ಪ್ರತಿ. ಎರಡೂ ನನ್ನದೇ ಅಕ್ಷರ.

“ಸಿಸ್ಟರ್, ಮಗು ಹುಟ್ಟಿದ್ದು ಹನ್ನೊಂದು ಹನ್ನೆರಡಕ್ಕೆ. ಹದಿಮೂರಕ್ಕೆ ಸೂಜಿ ಹಾಕಿದೀರಿ, ಹತ್ತೊಂಬತ್ತಕ್ಕೆ ತೆಗೆದಿದೀರಿ. ಹುಟ್ಟಿದ ತಕ್ಷಣ ಉಸಿರು ಕೊಟ್ವಿ ಅಂತಾನೂ ಇದೆ. ಉಸಿರು ಕೊಟ್ಟವರು ಯಾರು?”

ಅವರು ನನ್ನ ಮೇಲೆ ಸಂಶಯ ಪಟ್ಟಿರಲಿಲ್ಲ, ಫಾರಂ ತುಂಬಲು ಕೇಳಿದ್ದು ಅಷ್ಟೇ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಸೆರಗಿಗೆ ಹೋಯಿತು. ಇನ್ನೊಬ್ಬರಿದ್ದರು ಎಂದೆ. ನಿಜ ಬರಬೇಕಾದ ಜಾಗದಲ್ಲಿ ಮತ್ತೊಂದು ಸುಳ್ಳೇ ಬಂತು. ಯಾರು, ಹೆಸರು ಬೇಕಲ್ಲ ಎಂದರು ಡಾಕ್ಟರಮ್ಮ. ನಾನು ಉತ್ತರ ಹುಡುಕುವಷ್ಟರಲ್ಲಿ ತಂಗಿ ಬಾಯಿ ಹಾಕಿದಳು.

“ಡಾಕ್ಟ್ರೇ, ಅವರಿಬ್ರದ್ದೂ ಏನೂ ತಪ್ಪಿಲ್ಲ. ತಪ್ಪು ನಂದು. ನಂಗೆ ಸರಿಯಾಗಿ ಮುಕ್ಕೋಕಾಗ್ಲಿಲ್ಲ. ಹಾಗಂತಾನೇ ಬರ್ಕೊಳ್ಳಿ.”

ಡಾಕ್ಟರಮ್ಮ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಒಪ್ಪಿಗೆಯ ಕಾಗದ ತರುತ್ತೇನೆಂದು ಎದ್ದು ಹೋದರು. ಕೋಣೆಯಲ್ಲಿ ನಾವೇ. ಸಾಹೇಬರು ತಂಗಿಯ ಹೆಗಲಿಗೆ ಜೊಲ್ಲು ಸುರಿಸುತ್ತ ಫ್ಯಾನು ನೋಡುತ್ತಿದ್ದರು. ತಂಗಿ ಅವನ ಬಾಯಿ ಒರೆಸಿ, ನನ್ನ ಕಡೆ ತಿರುಗಿದಳು.

“ನಾನು ಕೆಡಿಸಿದ್ನ ನೀನು ಉಳಿಸಿಟ್ಟೆ ಅಕ್ಕ. ನಿನ್ನ ಋಣ ನಾನು ತೀರಿಸೋಕಾಗಲ್ಲ.”

ಅವಳು ಅದನ್ನು ಅತ್ತು ಹೇಳಲಿಲ್ಲ, ಸಂತೋಷದಿಂದ ಹೇಳಿದಳು. ನನಗೆ ತಡೆಯಲಾಗದೆ ಹೋದದ್ದು ಆ ಸಂತೋಷ. ಹೇಳಿದರೆ ಇವಳು ನನ್ನ ಮುಖ ನೋಡುವುದಿಲ್ಲ ಎಂದು ಗೊತ್ತಿತ್ತು. ಅದಕ್ಕಿಂತ ದೊಡ್ಡ ಭಯ, ಸಿಟ್ಟಿನಲ್ಲಿ ಆ ಚೀಲವೇ ಬೇಡ ಎಂದುಬಿಟ್ಟರೆ? ಹುಡುಗನಿಗಿರುವುದು ಅದೊಂದೇ ಚೀಲ. ಬಾಯಿ ಮುಚ್ಚಿಕೊಂಡಿರಲು ಅದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ನಾಲ್ಕು ವರ್ಷ ಇಂಥ ನೆಪಗಳನ್ನೇ ಸಾಕಿದವಳು ನಾನು. ಇನ್ನು ಸಾಕು ಎನಿಸಿತು.

“ನೀನು ಏನೂ ಕೆಡಿಸ್ಲಿಲ್ಲ ಕಣೇ,” ಎಂದೆ. “ಮಗು ಉಸಿರಾಡ್ತಿರ್ಲಿಲ್ಲ. ಆಯಾ ಎರಡು ಸಲ ಕರೆದ್ಲು. ನಾನು ಚೀಲ ತುಂಬಿಸ್ತಿದ್ದೆ.”

ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ, ಈ ಸಲ ಬಿಡಿಬಿಡಿಸಿ, ನಿಮಿಷ ನಿಮಿಷವಾಗಿ. ಬಳ್ಳಿ ಎಷ್ಟು ಚೆನ್ನಾಗಿತ್ತು ಎಂಬುದನ್ನೂ ಬಿಡಲಿಲ್ಲ, ಗೋಡೆಯ ಪಟ್ಟಿಯನ್ನೂ ಬಿಡಲಿಲ್ಲ. ಆ ಆರು ನಿಮಿಷದಿಂದಲೇ ಹೀಗಾಯಿತೋ, ಮೊದಲೇ ಒಳಗೆ ಏನಾದರೂ ಆಗಿತ್ತೋ, ಅದನ್ನು ಯಾರೂ ಖಚಿತವಾಗಿ ಹೇಳಲಾರರು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದು ನಿಜವೂ ಹೌದು. ಆದರೆ ಅದನ್ನು ಹೇಳುವ ಹಕ್ಕು ನನಗಿಲ್ಲ ಎನಿಸಿ ನುಂಗಿದೆ. ತಾಯಿಯ ಪ್ರಯತ್ನ ಸಾಲದಾಯಿತು ಎಂಬ ಆ ಸಾಲು ಬರೆದದ್ದು ನಾನೇ, ಡಾಕ್ಟರಲ್ಲ ಎಂದೂ ಹೇಳಿದೆ.

ತಂಗಿ ಮಗನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಬೈಯುತ್ತಾಳೆ ಎಂದು ಕಾದೆ, ಹೊಡೆದರೂ ಹೊಡೆಯಲಿ ಎಂದು ಕಾದೆ.

“ಹಾಗಾದ್ರೆ ನಾನು ಮುಕ್ಕಿದ್ನಾ?” ಎಂದಳು.

“ಮುಕ್ಕಿದೆ.”

“ಸರಿಯಾಗಿ?”

“ನಾನು ಕಂಡ ಹಾಗೆ ಅಷ್ಟು ಚೆನ್ನಾಗಿ ಮುಕ್ಕಿದೋರು ಕಮ್ಮಿ.”

ಅವಳು ಮುಖ ಆಚೆ ತಿರುಗಿಸಿಕೊಂಡಳು. ಡಾಕ್ಟರಮ್ಮ ಕಾಗದ ಹಿಡಿದು ಬಂದಾಗ, ಇವರು ನಿಮಗೇನೋ ಹೇಳಬೇಕಂತೆ ಎಂದಳು. ಇವರು ಎಂದಳು, ಅಕ್ಕ ಎನ್ನಲಿಲ್ಲ. ನಾನು ಎಲ್ಲವನ್ನೂ ಮತ್ತೆ ಹೇಳಿದೆ, ಡಾಕ್ಟರಮ್ಮ ಬರೆದುಕೊಂಡರು. ಇದರಿಂದ ಹುಡುಗನನ್ನು ಪ್ರಯೋಗದಿಂದ ಕೈಬಿಡುವುದಿಲ್ಲ, ಆದರೆ ನಿಮ್ಮ ಆಸ್ಪತ್ರೆಗೆ ನಾನು ತಿಳಿಸಲೇಬೇಕಾಗುತ್ತದೆ ಸಿಸ್ಟರ್ ಎಂದರು. ತಿಳಿಸಿ ಎಂದೆ. ತಂಗಿ ಒಪ್ಪಿಗೆ ಕಾಗದಕ್ಕೆ ಸಹಿ ಹಾಕುತ್ತ, ನನ್ನ ಕಡೆ ನೋಡದೆಯೇ, “ರಕ್ತ ನನ್ನ ಮಗಂದು, ನಿಂದಲ್ಲ” ಎಂದಳು. ನನ್ನ ದೊಡ್ಡ ಭಯ ಅಷ್ಟಕ್ಕೇ ಮುಗಿಯಿತು. ಅವಳು ನನ್ನಷ್ಟು ದಡ್ಡಿಯಲ್ಲ.

ಅವತ್ತು ಸಂಜೆ ಅವಳ ಮನೆಯಲ್ಲಿ ಮೂರನೇ ಸಲ ಹೇಳಿದೆ, ಅವಳ ಗಂಡ ಮತ್ತು ಅತ್ತೆಯ ಎದುರು. ಹೇಳಲೇಬೇಕೆಂದು ತಂಗಿಯ ಅಪ್ಪಣೆ. ಅವಳ ಗಂಡ ಎದ್ದು ಬಾಗಿಲು ತೆರೆದು ಹಿಡಿದ. ನೀವು ಹೋಗಿ ಅತ್ತಿಗೆ, ನನ್ನ ಬಾಯಲ್ಲಿ ಏನು ಬರತ್ತೋ ನಂಗೇ ಗೊತ್ತಿಲ್ಲ ಎಂದ. ಅತ್ತೆ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಸೊಸೆಯನ್ನು, “ಬೆಳಗ್ಗಿಂದ ಏನಾದ್ರೂ ತಿಂದ್ಯಾ?” ಎಂದು ಕೇಳಿದರು. ಆ ಮನೆಯಲ್ಲಿ ನಾಲ್ಕು ವರ್ಷದಿಂದ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ.

ನಮ್ಮ ಆಸ್ಪತ್ರೆಯವರು ನನ್ನನ್ನು ಹೆರಿಗೆ ವಾರ್ಡಿನಿಂದ ತೆಗೆದು ಬಟ್ಟೆಯ ಉಗ್ರಾಣಕ್ಕೆ ಹಾಕಿದರು. ವಿಚಾರಣೆ ನಡೆಯುತ್ತಿದೆ. ಮಾಡಿದ್ದುಣ್ಣೋ ಮಹರಾಯ. ತಂಗಿ ಫೋನು ಮಾಡಲಿಲ್ಲ, ನಾನು ಮಾಡಿದರೆ ಎತ್ತಲಿಲ್ಲ. ಮೂರು ವಾರ ಹಾಗೆ ಕಳೆಯಿತು. ರಕ್ತ ಕೊಡುವ ದಿನದ ಹಿಂದಿನ ಮಧ್ಯಾಹ್ನ ಅವಳೇ ಕರೆದಳು. ಇಷ್ಟೇ ಹೇಳಿದಳು, ನಾಳೆ ಹತ್ತಕ್ಕೆ ಬಾ, ಸೂಜಿ ಹಾಕುವಾಗ ಅವನು ಬೇರೆ ಯಾರಿಗೂ ತೋಳು ಕೊಡುವುದಿಲ್ಲ.

ಹೋದೆ. ಮೂರು ಮಂಚದ ಕೋಣೆ, ಕಿಟಕಿಯ ಹತ್ತಿರದ್ದು ನಮ್ಮದು. ನನ್ನನ್ನು ಕಂಡ ಕೂಡಲೇ ಸಾಹೇಬರು ಕಾಲು ಬಡಿದು ನಕ್ಕರು. ನಾನು ಅವನ ತೋಳು ಹಿಡಿದೆ, ಸೂಜಿ ಒಂದೇ ಸಲಕ್ಕೆ ಹೋಯಿತು. ಕರಗಿಸಿ ತಂದ ರಕ್ತ ಕೊಳವೆಯಲ್ಲಿ ಇಳಿಯತೊಡಗಿತು. ಅಷ್ಟೊಂದು ತುಂಬಿಸಿದ್ದ ಚೀಲ, ನೀರು ತೆಗೆದು ಕೋಶಗಳನ್ನಷ್ಟೇ ಉಳಿಸಿದ ಮೇಲೆ ಒಂದು ಹಿಡಿಯಷ್ಟಾಗಿತ್ತು. ಇಪ್ಪತ್ತು ನಿಮಿಷ ಸಾಕು ಎಂದರು ಅಲ್ಲಿಯ ನರ್ಸು. ಹುಡುಗ ಸ್ವಲ್ಪ ಹೊತ್ತು ಕೊಸರಾಡಿ, ನನ್ನ ಕೈ ಮೇಲೆ ಕೆನ್ನೆಯಿಟ್ಟು ತೂಕಡಿಸಿದ.

ತಂಗಿ ಮಂಚದ ಆಚೆ ಬದಿಯಲ್ಲಿ ಕೂತಿದ್ದಳು. ಬೆನ್ನಿಗೆ ದಿಂಬು ಇಟ್ಟುಕೊಂಡಿದ್ದಳು. ಏನಾದರೂ ಮಾತಾಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ, ಬೈಗುಳವಾದರೂ ಸರಿ. ಮಗ ಪೂರ್ತಿ ನಿದ್ದೆ ಹೋದ ಮೇಲೆ ಮಾತಾಡಿದಳು, ಅವನಿಗೆ ಎಚ್ಚರವಾಗದ ಹಾಗೆ, ಮೆಲ್ಲಗೆ.

“ಹೋದ ವರ್ಷ ಇನ್ನೊಂದು ಬಸಿರು ನಿಂತಿತ್ತು. ಎರಡೂವರೆ ತಿಂಗಳು. ನಿಂಗೆ ಗೊತ್ತಾಗ್ಬಾರ್ದು ಅಂತ ಬೇರೆ ಕಡೆ ಹೋಗಿ ತೆಗೆಸ್ಕೊಂಡೆ. ನಮ್ಮನೆಯವ್ರಿಗೂ ಹೇಳ್ಲಿಲ್ಲ.”

ನಾನು ಅವಳ ಮುಖ ನೋಡಿದೆ.

“ನಂಗೆ ಹೆರೋಕೆ ಬರಲ್ಲ ಅಂದ್ಕೊಂಡಿದ್ದೆ,” ಎಂದಳು. “ಇನ್ನೊಂದನ್ನೂ ಹಾಳು ಮಾಡೋದು ಬೇಡ ಅಂತ.”

ಪ್ರತಿಯೊಂದಕ್ಕೂ ಮಾತು ಇಟ್ಟುಕೊಂಡಿರುವವಳು ನಾನು. ಕ್ಷಮಿಸು ಎಂಬುದು ಎಷ್ಟು ಸಣ್ಣ ಮಾತು ಎಂದು ಅಲ್ಲಿ ಕೂತಾಗ ತಿಳಿಯಿತು. ಅದನ್ನು ಹೇಳಲೂ ನಾಚಿಕೆಯಾಯಿತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳೋಣವೆಂದು ಹುಡುಗನ ತೋಳಿನಿಂದ ಕೈ ತೆಗೆಯಲು ಹೋದೆ.

“ಕೈ ತೆಗೀಬೇಡ,” ಎಂದಳು ತಂಗಿ. “ನಿದ್ದೇಲಿ ಎಳ್ಕೊಂಡ್ಬಿಡ್ತಾನೆ. ಪೂರ್ತಿ ಇಳಿಯೋವರೆಗೂ ಹಿಡ್ಕೊಂಡಿರು.”

ಹಿಡಿದುಕೊಂಡೆ.